ಶೆಂಗ್ ಮಾಸ್ತರರ ಮುಗಿಯದ ಪಾಠ

ಶರತ್ಕಾಲ ತಣ್ಣಗಾಗತೊಡಗುವ ಚಳಿ ಇಬ್ಬನಿಯ ಪರ್ವಕ್ಕೆ ಇನ್ನು ಆರೇ ದಿನ. ಊರಿನವರೆಲ್ಲ ಪೆಟ್ಟಿಗೆಯ ತಳದಿಂದ ಸ್ವೆಟರು ತೆಗೆದು ಬಿಸಿಲಿಗೆ ಹರವುತ್ತಿದ್ದ ಹೊತ್ತಿನಲ್ಲಿ, ಪೇಯಿಂಗಳ ಮನೆಯ ಕಿಟಕಿಯ ಕೆಳಗೆ ಹನ್ನೊಂದು ಜನ ಮುದುಕ ಮುದುಕಿಯರು ತೋಳಿಲ್ಲದ ಬನಿಯನ್ನು ತೊಟ್ಟು ಬೀಸಣಿಗೆ ಬೀಸಿಕೊಳ್ಳುತ್ತ ನಿಂತಿದ್ದರು.

"ಅತ್ತಿಗೇ, ಒಂದೇ ಒಂದು ಮಾತು! ಹೇಳಿಬಿಡಿ, ನಮ್ಮ ಪಾಡಿಗೆ ನಾವು ಹೋಗ್ತೀವಿ," ಎಂದು ಫಾಂಗ್ ಕೂಗಿದಳು. ಮೂವತ್ತು ವರ್ಷ ತೋಫು ಮಾರಿದ ಗಂಟಲು ಅವಳದು, ಬೀದಿಯ ಆ ತುದಿಗೂ ಕೇಳುತ್ತದೆ.

"ಹೇಳಲ್ಲ," ಎಂದಳು ಪೇಯಿಂಗ್ ಮೇಲಿನಿಂದ.

"ಯಾಕೆ ಹೇಳಲ್ಲ?"

"ನನ್ನಿಷ್ಟ. ಹುರುಳಿಕಾಯಿ ಬಿಡಿಸ್ತಾ ಇದೀನಿ, ತಲೆ ತಿನ್ಬೇಡಿ."

ಆ ಒಂದು ಮಾತು ಯಾವುದು ಅಂತ ಹೇಳದೆ ಈ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಪೇಯಿಂಗಳ ಗಂಡ ಶೆಂಗ್ ಮಾಸ್ತರು ರೇಷ್ಮೆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಂಡಿದ್ದವರು. ನಿವೃತ್ತರಾದ ಮೇಲೆ ಇಪ್ಪತ್ತೆರಡು ವರ್ಷ ಕಾಲುವೆ ಪಕ್ಕದ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಚಿಗಾಂಗ್ ಎಂಬ ಉಸಿರಿನ ವ್ಯಾಯಾಮ ಹೇಳಿಕೊಟ್ಟರು. ಋತುವಿಗೊಂದು ಪಾಠ. ವಸಂತ ಲಿವರಿನ ಕಾಲ, ಶರತ್ಕಾಲ ಶ್ವಾಸಕೋಶದ ಕಾಲ, ಹೀಗೆ. ಕೈ ಮೇಲೆತ್ತಿ ಆ ಋತುವಿನ ಉಸಿರನ್ನು ಮೈಯೊಳಕ್ಕೆ ಕರೆಯಬೇಕು. ಕೊನೆಗೆ ಕೈಗಳನ್ನು ಹೊಕ್ಕುಳಿನ ಕೆಳಗೆ ಇಳಿಸುವಾಗ ಮಾಸ್ತರು "ಶೌ" ಎನ್ನುತ್ತಿದ್ದರು. ಅಂದರೆ ಸಾಕು, ಒಳಗೆ ಸೇರಿಸಿಕೊಂಡು ಬಾಗಿಲು ಮುಚ್ಚಿ ಅಂತ. ಆ ಮಾತು ಬೀಳುವ ತನಕ ಯಾರೂ ಕದಲುವ ಹಾಗಿಲ್ಲ. ಬಸ್ಸು ತಪ್ಪಲಿ, ಮನೆಯಲ್ಲಿ ಗಂಜಿ ಸೀದು ಹೋಗಲಿ, ನಿಂತೇ ಇರಬೇಕು. ಒಂದು ಸಲವಂತೂ ಆಲಿಕಲ್ಲು ಮಳೆಯೇ ಬಿದ್ದರೂ ನಿಂತೇ ಇದ್ದರು.

ಈ ವರ್ಷ ವಸಂತದಲ್ಲಿ ಹಗಲು ರಾತ್ರಿ ಸಮ ಆಗುವ ದಿನ, ಹನ್ನೊಂದು ಜನರ ಕೈ ತಲೆಯ ಮೇಲಿದ್ದಾಗ, "ಉಸಿರು ಮೇಲಕ್ಕೆ" ಎಂದ ಮಾಸ್ತರು ಮೆಲ್ಲಗೆ ನಡೆದು ಬಂದು ಕಲ್ಲುಬೆಂಚಿನ ಮೇಲೆ ಪೇಯಿಂಗಳ ಪಕ್ಕ ಕೂತರು. ಕೂತವರು ಏಳಲಿಲ್ಲ. ನೀರು ತಾ, ಆಂಬುಲೆನ್ಸು ಕರಿ ಎನ್ನುವ ಗಲಾಟೆಯಲ್ಲಿ ಎಲ್ಲರ ಕೈಗಳೂ ಎಲ್ಲೆಲ್ಲೋ ಇಳಿದವು. "ಶೌ" ಯಾರಿಗೂ ನೆನಪಾಗಲಿಲ್ಲ.

ಹಳೆಯ ಪಾಠ ಮುಚ್ಚದೆ ಹೊಸ ಪಾಠ ಶುರುಮಾಡುವ ಹಾಗಿಲ್ಲವಲ್ಲ. ಹಾಗಾಗಿ ಹನ್ನೊಂದು ಜನರ ಮೈಯಲ್ಲಿ ವಸಂತ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಬೇಸಿಗೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಎಲ್ಲರಿಗೂ ಸೆಖೆ ತಾನೇ. ಶರತ್ಕಾಲ ಬಂದ ಮೇಲೆ ಬಣ್ಣ ಬಯಲಾಯಿತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದ ಫಾಂಗ್ ಈಗ ಕಾಲುವೆಯ ಬಾತುಕೋಳಿಗಳ ಜೊತೆ ಕಾಲು ಕೆರೆದು ಜಗಳಕ್ಕೆ ನಿಂತಳು, ಅದೂ ಹೆಸರು ಹಿಡಿದು. ಅದೇ ಗುಂಪಿನ ವೇಯಿಯ ಬೋಳುತಲೆಯ ಮೇಲೆ ಬೆಕ್ಕಿನ ಮರಿಗಿರುವಂಥ ತುಪ್ಪಳ ಬಂತು. ಎಪ್ಪತ್ತನಾಲ್ಕು ವರ್ಷದ ಲೂ, ಒಂದು ಕಾಲಕ್ಕೆ ಪೋಸ್ಟ್‌ಮನ್ ಆಗಿದ್ದವನು, ಕೊಡೆ ರಿಪೇರಿ ಮಾಡುವ ವಿಧವೆಗೆ ದಿನಕ್ಕೊಂದು ಪ್ರೇಮಪತ್ರ ಬರೆದು, ಹಳೆಯ ಯೂನಿಫಾರಂ ಹಾಕಿಕೊಂಡು ತಾನೇ ಹೋಗಿ ಕೊಟ್ಟು ಬರತೊಡಗಿದ. ಎಲ್ಲರಿಗೂ ಎಳೆ ಬಿದಿರಿನ ಮೊಳಕೆಯೇ ಬೇಕು. ಶರತ್ಕಾಲದಲ್ಲಿ ಎಲ್ಲಿಂದ ತರೋಣ?

ಸೂಜಿ ಚುಚ್ಚಿ ಗುಣಪಡಿಸುವ ಡಾಕ್ಟರ್ ರುವಾನ್ ಮಾಸ್ತರರ ಹಳೆಯ ಗೆಳೆಯ. ಹನ್ನೊಂದೂ ಜನರ ನಾಡಿ ಹಿಡಿದು ನೋಡಿ ಅವನು ಬೆವರಿದ. ಎಲ್ಲರದ್ದೂ ಬಿಗಿದ ತಂತಿಯ ಹಾಗೆ ಮಿಡಿಯುವ ಅಪ್ಪಟ ವಸಂತದ ನಾಡಿ. ಶ್ವಾಸಕೋಶವನ್ನು ಎಚ್ಚರಿಸೋಣ ಎಂದು ಮಣಿಕಟ್ಟಿಗೆ ಸೂಜಿ ಹಾಕಿ, ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಸೂಜಿಗಳೆಲ್ಲ ಮೊಳಕೆಯ ಹಾಗೆ ತಾವಾಗಿಯೇ ಮೇಲೆದ್ದು ಹಾಸಿಗೆಯ ಮೇಲೆ ಬಿದ್ದಿದ್ದವು.

"ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ," ಎಂದ ರುವಾನ್. "ಬಾಗಿಲು ತೆಗೆದವರೇ ಮುಚ್ಚಬೇಕು. ಅವರಿಲ್ಲ ಅಂದ್ರೆ ಅವರ ಮನೆಯವರು ಮುಚ್ಚಬೇಕು."

ಅದನ್ನು ಕೇಳದೆ ಫಾಂಗ್ ತಾನೇ ಮುಂದೆ ನಿಂತು "ಶೌ" ಎಂದು ಅರಚಿ ನೋಡಿದಳು. ನಾಲ್ಕು ದಿನ ಬಿಕ್ಕಳಿಕೆ ನಿಲ್ಲಲಿಲ್ಲ.

ಪೇಯಿಂಗ್ ಎಂದೂ ಚಿಗಾಂಗ್ ಮಾಡಿದವಳಲ್ಲ. ಇಪ್ಪತ್ತೆರಡು ವರ್ಷ ಆ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತ, "ಗಾಳಿಗೆ ಕೈಬೀಸಿ ಆಯುಷ್ಯ ಬರೋದಾದ್ರೆ ಗಾಳಿಯಂತ್ರ ಸಾಯಲೇಬಾರದು" ಎಂದು ಗಂಡನನ್ನು ಛೇಡಿಸುತ್ತಿದ್ದಳು. ಆದರೆ ಈಗ ಅವಳ ಬಾಯಿಗೆ ಬಿದ್ದಿದ್ದ ಬೀಗ ಬೇರೆಯದು. ಯಾರಾದರೂ ಫೋನ್ ಮಾಡಿ ಮಾಸ್ತರಿದ್ದಾರಾ ಅಂತ ಕೇಳಿದರೆ, "ಪಾಠಕ್ಕೆ ಹೋಗಿದಾರೆ, ಇನ್ನೂ ಮುಗಿದಿಲ್ಲ," ಎನ್ನುತ್ತಿದ್ದಳು. ಗ್ಯಾಸಿನವನಿಗೂ ಅದೇ, ದೂರದೂರಿನ ನಾದಿನಿಗೂ ಅದೇ. ಸುಳ್ಳೇನಲ್ಲವಲ್ಲ? ಪಾಠ ಮುಗಿದಿಲ್ಲ, ಊರಿಗೆಲ್ಲ ಗೊತ್ತು. ಸುಟ್ಟದ್ದು ಹೌದು, ಬೂದಿ ಇಟ್ಟದ್ದು ಹೌದು, ನಲವತ್ತೊಂಬತ್ತನೇ ದಿನದ ಊಟ ಹಾಕಿದ್ದೂ ಹೌದು. ಆದರೂ ಪಾಠ ನಡೆಯುತ್ತಿದೆ. ಅವಳೇ ಬಾಯಿಬಿಟ್ಟು "ಶೌ" ಎಂದರೆ ಮಾಸ್ತರು ಆಮೇಲೆ ಎಲ್ಲಿರಬೇಕು? ಅದಕ್ಕೇ ಯಾರೇ ಬಂದು ಬೇಡಿದರೂ ಹುರುಳಿಕಾಯಿಯ ನೆಪ ಹೇಳುತ್ತಿದ್ದಳು.

ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಯೋಗ ಹೇಳಿಕೊಡುವ ಯಾವೊ ಎಂಬ ಹುಡುಗಿಗೆ ಇವರನ್ನು ನೋಡಿ ಕರುಳು ಚುರುಕ್ ಎಂದಿತು.

"ನಿಮ್ಮದು ಮುಚ್ಚದಿದ್ರೆ ನಮ್ಮದರಲ್ಲಿ ಮುಚ್ಚಿಕೊಳ್ಳಿ. ಕೊನೇಲಿ ಶವಾಸನ ಅಂತಿದೆ. ಹೆಣದ ಹಾಗೆ ಸುಮ್ಮನೆ ಮಲಗಿದ್ರೆ ಆಯ್ತು," ಎಂದಳು.

"ಮಗಳೇ, ಅದನ್ನು ಕಲಿಯೋಕೆ ನಮಗೆ ಟೀಚರ್ ಬೇಕಾ? ಇವತ್ತಲ್ಲ ನಾಳೆ ತಾನಾಗೇ ಬರುತ್ತೆ," ಎಂದ ಲೂ.

ಆದರೂ ಚಾಪೆ ಹಾಸಿ ಮಲಗಿದರು. ಮೂರನೇ ಉಸಿರಿಗೆ ವೇಯಿ ಎದ್ದು ಕೂತ. ಐದನೆಯದಕ್ಕೆ ಹನ್ನೊಂದು ಜನವೂ ಎದ್ದು ಕೂತು, ಗಾಳಿಪಟ ಹಾರಿಸೋಣವೇ ಎಂದು ಕೇಳಿದರು. ಯಾವೊ ಚಾಪೆ ಮಡಿಸಿಕೊಂಡು ಹೋದಳು.

ಆಮೇಲೆ ಮಾಡಿದ್ದೇ ಎಡವಟ್ಟು. ಲೂನ ಫೋನಿನಲ್ಲಿ ಮಾಸ್ತರರ ಪಾಠದ ಹಳೆಯ ರೆಕಾರ್ಡಿಂಗ್ ಒಂದು ಸಿಕ್ಕಿತು. ಕಂಠ ಅವರದೇ, ಮಾತೂ ಅದೇ, ಇನ್ನೇನು ಬೇಕು? ಮಾರನೇ ಬೆಳಿಗ್ಗೆ ಪಾರ್ಕಿನಲ್ಲಿ ಡ್ಯಾನ್ಸ್ ಮಾಡುವ ಹೆಂಗಸರ ಸ್ಪೀಕರ್ ಇಸಕೊಂಡು ಬಂದು, ಹನ್ನೊಂದು ಜನ ಕೈ ಎತ್ತಿ ನಿಂತು, ಗುಂಡಿ ಒತ್ತಿದರು.

ಪೇಯಿಂಗ್ ಅಡುಗೆಮನೆಯಲ್ಲಿದ್ದಳು. ಕಾಲುವೆ ದಾಟಿ, ಛಾವಣಿಗಳ ಮೇಲಿಂದ ಗಂಡನ ದನಿ ಬಂತು. ಬಾಯ್ಲರಿನ ಗದ್ದಲದ ಮೇಲೆ ಕೂಗಿ ಕೂಗಿ ಒರಟಾಗಿದ್ದ ಅದೇ ದನಿ.

"ಶೌ..."

ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಅರವತ್ತೆಂಟು ವರ್ಷದ ಹೆಂಗಸು ಸೇತುವೆಯ ಮೇಲೆ ಓಡಿದಳು. ಏದುಸಿರು ಬಿಡುತ್ತ ಪಾರ್ಕಿಗೆ ಬಂದು ನೋಡಿದರೆ ಮಾಸ್ತರಿಲ್ಲ. ಹುಲ್ಲಿನ ಮೇಲೆ ಹನ್ನೊಂದು ಜನ ಮುದುಡಿ ಮಲಗಿ, ತುಟಿ ನೀಲಿಯಾಗಿ, ಕೆಸರಿನೊಳಗಿನ ಕಪ್ಪೆಗಳ ಹಾಗೆ ನಿದ್ದೆ ಹೊಡೆಯುತ್ತಿದ್ದರು. ಆ ರೆಕಾರ್ಡಿಂಗ್ ಹಿಂದಿನ ವರ್ಷದ ಚಳಿಗಾಲದ ಪಾಠದ್ದು. ವಸಂತಕ್ಕೆ ತೆರೆದವರನ್ನು ಚಳಿಗಾಲದ ಬಾಗಿಲು ಹಾಕಿ ಮುಚ್ಚಿಬಿಟ್ಟಿದ್ದರು, ಬುದ್ಧಿಗೇಡಿಗಳು.

ಪೇಯಿಂಗ್ ಸ್ಪೀಕರನ್ನು ಎತ್ತಿ ಕಾಲುವೆಗೆ ಎಸೆದಳು. ಅಷ್ಟು ಸಿಟ್ಟು ಅವಳಿಗೆ ಜನ್ಮದಲ್ಲಿ ಬಂದಿರಲಿಲ್ಲ. "ಅವರ ದನಿ ತಂದು ಹೀಗೆ ಆಟ ಆಡ್ತೀರಾ? ನಾನು ಓಡಿ ಬಂದೆನಲ್ರೋ! ಇದ್ದಾರೆ ಅಂತ ಓಡಿ ಬಂದೆನಲ್ರೋ!" ಎಂದು ಎದೆ ಬಡಿದುಕೊಂಡಳು. ಮಲಗಿದ್ದವರಿಗೆ ಏನೂ ಕೇಳಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶುಂಠಿನೀರು ಕುಡಿಸಿದ ಮೇಲೆ ಹತ್ತು ಜನ ಎದ್ದರು, ಎದ್ದ ಕೂಡಲೇ ಮತ್ತೆ ಸೆಖೆ ಎಂದು ಬನಿಯನ್ನು ಜಗ್ಗಿಕೊಂಡರು. ಲೂ ಮಾತ್ರ ಏಳಲಿಲ್ಲ. ಎರಡು ದಿನವಾದರೂ ಏಳಲಿಲ್ಲ. ಕೊಡೆ ರಿಪೇರಿಯ ವಿಧವೆ ಬಂದು, ಅವನ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು, ಅವನು ಬರೆದ ಕಾಗದಗಳನ್ನು ಅವನಿಗೇ ಓದಿ ಹೇಳುತ್ತಿದ್ದಳು. ಅವನು ಗೊರಕೆ ಹೊಡೆಯುತ್ತಿದ್ದ.

ರುವಾನ್ ಪೇಯಿಂಗಳ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ.

"ಅಕ್ಕಾ, ಒಂದು ಮೈಯನ್ನು ಎರಡು ಋತು ಎಳೀತಾ ಇವೆ. ನಾಡಿ ಪಾತಾಳಕ್ಕೆ ಹೋಗಿದೆ. ನಾಡಿದ್ದು ಚಳಿ ಇಬ್ಬನಿ. ಅದು ದಾಟಿದ್ರೆ ಲೂ ಉಳಿಯಲ್ಲ."

"ನನ್ನನ್ಯಾಕೆ ಹೆದರಿಸ್ತೀಯ?"

"ಹೆದರಿಸ್ತಾ ಇಲ್ಲ. ಕೇಳ್ತಾ ಇದೀನಿ."

ಪೇಯಿಂಗ್ ಬಹಳ ಹೊತ್ತು ಹುರುಳಿಕಾಯಿ ಬಿಡಿಸಿದಳು. ಆಮೇಲೆ ನೋಡಿದರೆ ಬುಟ್ಟಿಯಲ್ಲಿ ನಾರು ಬಿದ್ದಿತ್ತು, ಕಾಯಿಯೆಲ್ಲ ನೆಲದ ಮೇಲಿತ್ತು. "ಅವನೊಬ್ಬ ಹುಚ್ಚ. ಈ ವಯಸ್ಸಿನಲ್ಲಿ ಪ್ರೇಮವಂತೆ, ಪತ್ರವಂತೆ," ಎಂದು ಬೈದಳು. ಆಮೇಲೆ ತಗ್ಗಿದ ದನಿಯಲ್ಲಿ, "ಪಾಪ, ಆ ಹೆಂಗಸು ಓದ್ತಾ ಕೂತಿದಾಳಂತೆ ಅಲ್ವಾ?" ಎಂದು ಕೇಳಿದಳು.

"ಹೂಂ. ಮೂವತ್ತೆಂಟನೇ ಕಾಗದಕ್ಕೆ ಬಂದಿದಾಳೆ."

ಚಳಿ ಇಬ್ಬನಿಯ ಬೆಳಿಗ್ಗೆ ಪಾರ್ಕಿನ ತುಂಬ ಶರತ್ಕಾಲದಲ್ಲಷ್ಟೇ ಅರಳುವ ಗುಯಿಹುವಾ ಹೂವಿನ ವಾಸನೆ. ಲೂನನ್ನು ಮೂರು ಗಾಲಿಯ ಸೈಕಲ್ಲಿನಲ್ಲಿ ಮಲಗಿಸಿ ತಂದಿದ್ದರು. ಅವನ ಒಂದು ಕೈಯನ್ನು ವೇಯಿ, ಇನ್ನೊಂದನ್ನು ಕೊಡೆಯ ವಿಧವೆ ಎತ್ತಿ ಹಿಡಿದುಕೊಂಡಿದ್ದರು. ಪೇಯಿಂಗ್ ಬೇಸಿಗೆಯ ತೆಳು ಅಂಗಿಯಲ್ಲೇ ಬಂದಳು. ಅವಳಿಗೂ ಸೆಖೆಯಾಗುತ್ತಿದೆ ಎಂದು ಆವತ್ತಿನ ತನಕ ಯಾರೂ ಗಮನಿಸಿರಲಿಲ್ಲ.

ಎಂದೂ ಮಾಡದಿದ್ದರೂ ಅವಳಿಗೆ ಎಲ್ಲವೂ ಬರುತ್ತಿತ್ತು. ಪಾದ ಇಷ್ಟಗಲ, ಮೊಣಕಾಲು ಇಷ್ಟು ಸಡಿಲ, ಕೈ ಬೇಲಿಯಾಚೆಯ ಹಣ್ಣಿಗೆ ಚಾಚುವ ಹಾಗೆ ಮೇಲಕ್ಕೆ. ಹನ್ನೊಂದು ಜನರ ಕೈಯೂ ಮೇಲೆ ಹೋಯಿತು. ಈಗ ಅವಳು ಹೇಳಬೇಕು. ಹೇಳಲಿಲ್ಲ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು, ಬಾತುಕೋಳಿಗಳು ದಡಕ್ಕೆ ಬಂದು ನೋಡಿದವು.

"ಅತ್ತಿಗೆ, ಕೈ ಬಿದ್ದು ಹೋಗ್ತಿದೆ," ಎಂದು ಫಾಂಗ್ ಹುಟ್ಟಿದ ಮೇಲೆ ಮೊದಲ ಸಲ ಪಿಸುಗುಟ್ಟಿದಳು.

"ಶೌ," ಎಂದಳು ಪೇಯಿಂಗ್.

ಇಪ್ಪತ್ತೆರಡು ಕೈಗಳು ಒಟ್ಟಿಗೆ ಇಳಿದವು. ಇಳಿದದ್ದೇ ತಡ, "ಅಯ್ಯಯ್ಯೋ ಚಳಿ! ನನ್ನ ಕೋಟೆಲ್ಲಿ?" ಎಂದು ಫಾಂಗ್ ಕಿರುಚಿದಳು. ವೇಯಿಯ ತಲೆಯ ತುಪ್ಪಳ ಗಾಳಿಗೆ ಉದುರಿತು. ಲೂ ಕಣ್ಣುಬಿಟ್ಟು ಎದ್ದು ಕೂತ. ತನ್ನ ಕೈ ಹಿಡಿದವಳನ್ನು ನೋಡಿ ನಾಚಿದ. ಆಮೇಲೆ ಖಾಲಿ ಕಲ್ಲುಬೆಂಚನ್ನು ನೋಡಿದ. "ಶೆಂಗಣ್ಣ ಹೋಗ್ಬಿಟ್ರಾ?" ಎಂದು, ಈಗ ತಾನೇ ಸುದ್ದಿ ಬಂದವನ ಹಾಗೆ ಕೇಳಿದ. ಫಾಂಗಳ ಬಾಯಿ ಸೊಟ್ಟಗಾಯಿತು. ಒಬ್ಬರ ಹಿಂದೆ ಒಬ್ಬರು, ಹನ್ನೊಂದು ಜನವೂ ಗೋಳೋ ಎಂದು ಅತ್ತರು. ಶರತ್ಕಾಲ ಶ್ವಾಸಕೋಶದ ಕಾಲ, ಅಳು ಇರುವುದೂ ಅಲ್ಲೇ. ರುವಾನ್ ಒಬ್ಬೊಬ್ಬರ ನಾಡಿ ಹಿಡಿದು, "ಭೇಷ್, ಅಳಿ, ಇನ್ನೂ ಅಳಿ," ಎಂದು ತಾನೂ ಮೂಗು ಒರೆಸಿಕೊಂಡ.

ಕೊನೆಗೆ ಪೇಯಿಂಗಳ ಹತ್ತಿರ ಬಂದ. ಅವಳ ಕೈ ಇನ್ನೂ ಮೇಲೆಯೇ ಇತ್ತು. ತುದಿಗಾಲಲ್ಲಿ ನಿಂತು ಮಣಿಕಟ್ಟು ಮುಟ್ಟಿದ.

"ಅಕ್ಕಾ, ಕೈ ಇಳಿಸಿ."

"ಇಳಿಸಲ್ಲ."

"ಶೌ ಹೇಳಿದ್ರಲ್ಲ?"

"ಅವರಿಗೆ ಹೇಳ್ದೆ. ನಾನೇನು ಆ ಕ್ಲಾಸಿನವಳಾ?" ಎಂದಳು. ಕಲ್ಲುಬೆಂಚಿನ ಕಡೆ ತಿರುಗಿ, "ಅವತ್ತು ನನ್ನ ಪಕ್ಕ ಬಂದು ಕೂತ್ರಲ್ಲ ರುವಾನ್, ಬಾಯಿ ತೆರೆದಿದ್ರು. ಏನೋ ಹೇಳೋಕೆ ಬಂದಿದ್ರು. ನಾನು ಬೀಜ ತಿಂತಾ ಇದ್ದೆ, ತಿರುಗಿ ನೋಡಲಿಲ್ಲ. ಅವರು ಅದನ್ನು ಹೇಳೋ ತನಕ ನನ್ನ ಪಾಠ ಮುಗಿಯಲ್ಲ," ಎಂದಳು.

ರುವಾನ್ ದಾರಿ ಬಿಟ್ಟು ನಿಂತ.

ಪೇಯಿಂಗ್ ಎರಡೂ ಕೈ ಮೇಲೆತ್ತಿಕೊಂಡೇ ಪಾರ್ಕಿನಿಂದ ಹೊರಟಳು. ಸೇತುವೆ ದಾಟಿದಳು. ಸಂತೆಯ ನಡುವೆ, ಏಡಿಯ ಬುಟ್ಟಿಗಳ ನಡುವೆ, ಹಾಗೇ ನಡೆದಳು. ಜನ ಪಕ್ಕಕ್ಕೆ ಸರಿದರು, ಯಾರೂ ನಗಲಿಲ್ಲ. ತೋಳು ಸೇದುತ್ತಿತ್ತು, ಹೆಗಲು ಉರಿಯುತ್ತಿತ್ತು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ಬಂದಾಗ ಗೊತ್ತಾಯಿತು, ಬೀಗದ ಕೈ ಅಂಗಿಯ ಜೇಬಿನಲ್ಲಿದೆ. ಕೈ ಇಳಿಸದೆ ಅದು ಸಿಗುವುದಿಲ್ಲ. ಮೊಣಕೈಯಿಂದ ಬಾಗಿಲು ತಳ್ಳಿ ನೋಡಿದಳು. ಭುಜದಿಂದ ತಟ್ಟಿ ನೋಡಿದಳು. ಒಳಗಿನಿಂದ ತೆಗೆಯಲು ಯಾರಿದ್ದಾರೆ?

ಬಹಳ ಹೊತ್ತು ನಿಂತು, ಬಲಗೈಯೊಂದನ್ನು ಇಳಿಸಿ ಬಾಗಿಲು ತೆಗೆದಳು. ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು.

"ಚಳಿ ಶುರುವಾಯ್ತು ಕಣ್ರೀ," ಎಂದಳು ಒಳಗೆ ಹೆಜ್ಜೆ ಇಡುತ್ತ. ಯಾರೂ ಓ ಎನ್ನಲಿಲ್ಲ. ಆಮೇಲೆ ಇನ್ನೊಂದು ಕೈಯನ್ನೂ ಅವಳೇ ಇಳಿಸಿದಳು.