ಅಕ್ಕನೂ ನುಂಗಿದ ಗುಳಿಗೆ

ಸನ್ಮತಿ ಹೊರಗಿನಿಂದ ಚಿಲಕ ಹಾಕುವಷ್ಟರಲ್ಲಿ ಜಿನಪ್ಪ ಬಾಗಿಲ ಸಂದಿನಲ್ಲಿ ಕಾಲಿಟ್ಟುಬಿಟ್ಟ.

"ಕಾಲ ತಗಿಯೋ. ಎಲ್ಲಾ ಮುಗಿಯೂತನಕಾ ಇಲ್ಲೇ ಕುಂಡ್ರು."

"ಅಕ್ಕಗ ಹೆಗಲ ಕೊಡಾಕ ಬರ್ತೇನ್ರಿ ಅಣ್ಣಾರ. ಸುಮ್ನ ಇರ್ತೇನಿ, ಖರೇನ."

"ನಿಮ್ಮವ್ವ ಸತ್ತಾಗನೂ ಹಿಂಗ ಅಂದಿದ್ದಿ."

ಅದು ಸುಳ್ಳಲ್ಲ. ಇಪ್ಪತ್ತು ವರ್ಷದ ಹಿಂದೆ ಯಮಕನಮರಡಿಯಲ್ಲಿ, ಅವ್ವನನ್ನು ಒಯ್ಯಬೇಡಿರೆಂದು ಜಿನಪ್ಪ ಚಟ್ಟಕ್ಕೆ ಜೋತುಬಿದ್ದಿದ್ದ. ಬಿಡಿಸಲು ನಾಲ್ಕು ಮಂದಿ ಬೇಕಾಯಿತು. ಆಮೇಲೆ ಯಾರ ಚಟ್ಟದ ಬಳಿಗೂ ಅವನನ್ನು ಬಿಡಲಿಲ್ಲ. ಹುಚ್ಚ ಜಿನಪ್ಪ ಎಂದೇ ಹೆಸರಾಯಿತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಅಕ್ಕ ರಾಜಮತಿ ಅವನನ್ನು ಕಣಗಲಾದ ತನ್ನ ಗಂಡನ ಮನೆಗೇ ಕರೆತಂದಿದ್ದಳು. ಈಗ ಅವಳೇ ಪಡಸಾಲೆಯಲ್ಲಿ ಮಲಗಿದ್ದಾಳೆ. ಅವಳ ಮೈದುನ ಸನ್ಮತಿ ಚಿಲಕ ಹಿಡಿದು ನಿಂತಿದ್ದಾನೆ.

ಪಡಸಾಲೆಯಿಂದ ನೆರೆಮನೆಯ ಸಾವಂತ್ರೆವ್ವನ ದನಿ ಕೇಳಿಸಿತು.

"ಕ್ಯಾನ್ಸರ್ ಅಲ್ಲ ಬಿಡ್ರವ್ವಾ, ಆ ಹುಚ್ಚಿನ ಗುಳಿಗೀನ ತಿಂದು ಹಾಕಿತು. ಮಿರಜ ಡಾಕ್ಟರಗ ಬ್ಯಾರೆ ಔಷಧ ಸಿಗಲಿಲ್ಲೇನು?"

ಜಿನಪ್ಪ ಕಾಲು ತೆಗೆಯಲಿಲ್ಲ.

*

ಹೋದ ವರ್ಷ, ತೊಂಬತ್ತೇಳರಲ್ಲಿ, ಮೂರನೆಯ ಸಲ ಮಿರಜದಲ್ಲಿ ಕ್ಯಾನ್ಸರ್ ಔಷಧದ ಸಲಾಯಿನ್ ಏರಿಸಿಕೊಂಡು ಬಂದ ದಿನ ರಾಜಮತಿ ಚೀಲದಿಂದ ಒಂದು ಗುಳಿಗೆ ಪಾಕೀಟು ತೆಗೆದಳು.

"ಅಕ್ಕಾ, ಇದು ನನ್ನ ಗುಳಿಗಿ!" ಎಂದ ಜಿನಪ್ಪ. "ನಿನಗೂ ತಲಿ ಕೆಟ್ಟೈತೇನ?"

"ನನ್ನ ಗಂಟಿನ ತಲಿ ಕೆಟ್ಟೈತೋ," ಎಂದು ಅವಳು ನಕ್ಕಳು. "ಔಷಧ ಒಳಗ ಹೋದ ಕೂಡ್ಲೇ ಅದು ಹೊರಗ ದೂಡತೈತಂತ. ಈ ಗುಳಿಗಿ ಆ ಬಾಗಲಾ ಮುಚ್ಚಿ ಹಿಡಿತೈತೇನೋ ಅಂತ ನೋಡಾಕತ್ತಾರ. ಆದ್ರ ಆತು, ಇಲ್ಲಂದ್ರ ಇಲ್ಲ ಅಂತ ಡಾಕ್ಟರ್ ಮೊದಲ ಹೇಳ್ಯಾರ."

ಹೊತ್ತು ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಹೀಗಾಗಿ ಇಳಿಬಿಸಿಲಿನಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕೂತು, ಒಂದೇ ತಂಬಿಗೆಯ ನೀರಿನಲ್ಲಿ ಗುಳಿಗೆ ನುಂಗತೊಡಗಿದರು. ಅಷ್ಟು ವರ್ಷ ಗೋಡೆಗೆ ಮುಖಮಾಡಿ ನುಂಗಿದವನು ಈಗ ಅಕ್ಕನ ಮುಖ ನೋಡುತ್ತ ನುಂಗಿದ.

ತಿಂಗಳಾಗುವುದರಲ್ಲಿ ಅವನ ಹಾಗೆ ಅವಳ ಕೈಯೂ ನಡುಗತೊಡಗಿತು.

"ಬಾಯಿ ಒಣಗತೈತಿ, ಕೈ ನಿಂದರೂದಿಲ್ಲ. ಇಷ್ಟ ವರ್ಷ ಹೆಂಗ ತಡಕೊಂಡ್ಯೋ ನನ್ನಪ್ಪಾ?"

ಅದನ್ನು ಅವನಿಗೆ ಆವರೆಗೆ ಯಾರೂ ಕೇಳಿರಲಿಲ್ಲ. ಅವನು ಗಳಗಳನೆ ಅತ್ತ. ಗಂಟು ಕರಗಲೆಂದು ದಿನವೂ ಬೇಡಿಕೊಂಡ; ಜೊತೆಯಾಗಿ ನುಂಗುವ ಗುಳಿಗೆ ಮಾತ್ರ ನಿಲ್ಲದಿರಲೆಂದೂ ಬೇಡಿಕೊಂಡ, ಹಾಗೆ ಬೇಡಿದ್ದಕ್ಕೆ ನಾಚಿಕೊಂಡ. ಎಂಟು ತಿಂಗಳಾದರೂ ಗಂಟು ಜಗ್ಗಲಿಲ್ಲ.

*

ಒದ್ದೆ ಧೋತರದಲ್ಲಿ ರಾಜಮತಿಯ ಮಗ ಅರಿಹಂತ ಬಂದ.

"ಮಾಮಾನ್ನ ಬಿಡ್ರಿ ಕಾಕಾ. ಹಿಂದಿನ ಹೆಗಲ ಅಂವಂದು."

"ನಡುದಾರ್ಯಾಗ ಗದ್ದಲಾ ಮಾಡಿದ್ರ? ಮಂದಿ ಏನಂದಾರು?"

"ಅದ ಗುಳಿಗಿ ಅವ್ವನೂ ನುಂಗ್ಯಾಳ. ಆಕೀನ್ನೂ ಕೂಡಿ ಹಾಕತಿದ್ರೇನು?"

ಸನ್ಮತಿ ಚಿಲಕ ಬಿಟ್ಟ.

ಹಿಂದಿನ ಬಲಗಡೆ ಜಿನಪ್ಪ ಹೆಗಲು ಕೊಟ್ಟ. ಓಣಿಯ ಕಣ್ಣುಗಳೆಲ್ಲ ಅವನ ಮೇಲೆಯೇ ಇದ್ದವು. ಅವನು ಕೂಗಲಿಲ್ಲ, ಜಗ್ಗಾಡಲಿಲ್ಲ, ಎಲ್ಲರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದ. ಊರ ಅಗಸಿ ಬಾಗಿಲು ದಾಟಿದ ಮೇಲೆ ಮಾತ್ರ ತಟ್ಟನೆ ನಿಂತ. ಸನ್ಮತಿ ಓಡಿ ಬಂದ.

"ಏನಾತೋ?"

"ಅಕ್ಕಂದು ಭಾರನ ಇಲ್ರಿ ಅಣ್ಣಾರ," ಎಂದು ಜಿನಪ್ಪ ಮೆಲ್ಲಗೆ ಹೇಳಿದ. ಬಿದಿರನ್ನು ಎರಡೂ ಕೈಯಿಂದ ಹೆಗಲಿನೊಳಕ್ಕೆ ಒತ್ತಿ ಹಿಡಿದುಕೊಂಡು ಮುಂದೆ ನಡೆದ.