ಕಿವಿಗೆ ಬೇರೆ ವಿಮೆ

ವಿಮೆಯವರ ಕಣ್ಣಿಗೆ ಮನುಷ್ಯನ ದೇಹ ತೀರಾ ಚಿಕ್ಕದು. ಎದೆಗೋ ಹೊಟ್ಟೆಗೋ ಮೂಳೆಗೋ ಏನಾದರೂ ಆಗಿ ಆಸ್ಪತ್ರೆಯ ಮಂಚ ಹತ್ತಿದರೆ ಅವರು ನಿಮ್ಮವರು. ಹಲ್ಲು, ಕಣ್ಣು, ಕಿವಿ ಮಾತ್ರ ದೇಹಕ್ಕೆ ಸೇರಿದ್ದಲ್ಲ. ಅವು ಹೇಳದೆ ಕೇಳದೆ ಬಂದು ಕೂತ ನೆಂಟರು. ಆ ನೆಂಟರನ್ನು ನೋಡಿಕೊಳ್ಳಬೇಕಾದರೆ ಮುಖ್ಯ ವಿಮೆಯ ಮೇಲೆ ಪೂರಕ ವಿಮೆ ಅಂತ ಇನ್ನೊಂದು ಮಾಡಿಸಬೇಕು.

ನೇಯ್ಗೆ ಮಿಲ್ಲಿನ ಲಾಳಿಯಕ್ಕ ಅದನ್ನೂ ಮಾಡಿಸಿದ್ದಳು. ಮಗ್ಗದ ಲಾಳಿಯ ಹಾಗೆ ಒಂದು ಕಡೆ ನಿಲ್ಲದೆ ಓಡಾಡುತ್ತಾಳೆಂದು ಮಿಲ್ಲಿನವರು ಇಟ್ಟ ಹೆಸರು ಅದು. ಮುಖ್ಯ ವಿಮೆಯನ್ನು ಮಿಲ್ಲಿನವರೇ ಕಟ್ಟುತ್ತಿದ್ದರು, ಪೂರಕದ್ದನ್ನು ಅವಳ ಸಂಬಳದಿಂದ ಹಿಡಿಯುತ್ತಿದ್ದರು. "ನಿನ್ನ ಕಿವಿಗೆ ಚಿನ್ನದ ಓಲೆ ಮಾಡಿಸಿದ್ರೂ ಇಷ್ಟು ಖರ್ಚಾಗ್ತಿರ್ಲಿಲ್ಲ ಕಣೇ" ಎಂದು ಗಂಡ ಬದುಕಿರುವಷ್ಟು ದಿನ ಆಡಿಕೊಂಡ. ಅವಳು ಜಪ್ಪಯ್ಯ ಅನ್ನಲಿಲ್ಲ. ಮಗ್ಗಗಳ ನಡುವೆ ವಯಸ್ಸು ಸವೆಸಿದವರೆಲ್ಲ ಕೊನೆಗೆ ಕಿವಿ ಕಳೆದುಕೊಂಡು ಪೆಚ್ಚುಮೋರೆ ಹಾಕಿಕೊಂಡು ಕೂರುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಮಿಲ್ಲಿನೊಳಗೆ ಯಾರೂ ದನಿ ತೆಗೆದು ಮಾತಾಡುತ್ತಿರಲಿಲ್ಲ. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಬರೀ ತುಟಿಯಲ್ಲೇ ಮಾತು. ಸೊಸೆಯ ಮೇಲಿನ ದೂರು, ಮೇಸ್ತ್ರಿಯ ಮೇಲಿನ ಚಾಡಿ, ಯಾರದೋ ಬಸಿರಿನ ಸುದ್ದಿ ಎಲ್ಲ ಈ ಸಾಲಿನಿಂದ ಆ ಸಾಲಿಗೆ ದನಿಯಿಲ್ಲದೆ ದಾಟುತ್ತಿದ್ದವು. ಕೇಳಲು ಇಷ್ಟವಿಲ್ಲದಿದ್ದರೆ ಮುಖ ತಿರುಗಿಸಿದರಾಯಿತು, ಮಾತು ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡ ಅವಮಾನ ಮಿಲ್ಲಿನಲ್ಲಿ ಇರಲಿಲ್ಲ. ಲಾಳಿಯಕ್ಕ ಎಂಥ ಜಗಳದಲ್ಲೂ ಯಾರಿಗೂ ಹಾಗೆ ಮಾಡಿದವಳಲ್ಲ. ಮಗಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟು ಬಂದು ಮಿಲ್ಲಿನ ಗಾಜಿನ ಕಿಟಕಿಯಾಚೆ ನಿಲ್ಲುತ್ತಿದ್ದಳು. ತಾಯಿ ಒಳಗಿನಿಂದಲೇ ತುಟಿಯಾಡಿಸಿ "ತಿಂದ್ಯಾ?" ಎನ್ನುತ್ತಿದ್ದಳು. ಮಗಳು ಹೊರಗಿನಿಂದಲೇ "ಹ್ಞೂಂ" ಎನ್ನುತ್ತಿದ್ದಳು.

ಆ ಮಗಳಿಗೆ ಈಗ ಒಂದು ಪಾಪು. ಬಾಣಂತನದ ರಜೆ ಮುಗಿದು ಮಗಳು ಕೆಲಸಕ್ಕೆ ಹೊರಟಾಗ, ಮಿಲ್ಲಿನಿಂದ ನಿವೃತ್ತಳಾಗಿದ್ದ ಲಾಳಿಯಕ್ಕನೇ ಪಾಪುವನ್ನು ನೋಡಿಕೊಳ್ಳುತ್ತಿದ್ದಳು. ಅವಳ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಇನ್ನೊಮ್ಮೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಾಗ ಪಾಪುವಿನ ಕಾಲು ತೊಟ್ಟಿಲ ಕಂಬಿಗಳ ನಡುವೆ ಸಿಕ್ಕಿಕೊಂಡಿತು. ಬೇಗ ಮನೆಗೆ ಬಂದ ಮಗಳು ಮೆಟ್ಟಿಲ ಕೆಳಗಿನಿಂದಲೇ ಅಳು ಕೇಳಿ ಓಡಿ ಬಂದಳು. ಅತ್ತೂ ಅತ್ತೂ ಪಾಪು ನೀಲಿಗಟ್ಟಿತ್ತು. ಲಾಳಿಯಕ್ಕ ಇನ್ನೂ ಪಾತ್ರೆ ತೊಳೆಯುತ್ತಲೇ ಇದ್ದಳು.

"ಕಿವಿ ಕೇಳಲ್ಲ ಅಂತ ಮೊದ್ಲೇ ಹೇಳೋಕೇನಾಗಿತ್ತಮ್ಮ?" ಎಂದು ಮಗಳು ಅತ್ತಳು. ಬೈಯಲಿಲ್ಲ, ಅದೊಂದು ಪುಣ್ಯ. ಮಾರನೆಯ ದಿನದಿಂದ ಪಾಪು ಪಕ್ಕದ ಬೀದಿಯ ಶಿಶುವಿಹಾರಕ್ಕೆ ಹೋಗತೊಡಗಿತು. ಕಿವಿಗೆ ಯಂತ್ರ ಬಂದರೆ ಪಾಪು ತನ್ನ ಮಡಿಲಿಗೆ ವಾಪಸ್ ಬರುತ್ತದೆ, ಲಾಳಿಯಕ್ಕನಿಗೆ ಅದೊಂದೇ ಆಸೆ. ನಿವೃತ್ತಿಯಾದ ಮೇಲೂ ಕಂತು ತಪ್ಪಿಸದ ಪೂರಕ ವಿಮೆ ಇದೆಯಲ್ಲ, ಸುಮ್ಮನೆ ಕಟ್ಟಿದ್ದೇನು?

ಯಂತ್ರ ಕೊಡುವ ಮೊದಲು ವಿಮೆಯವರ ಡಾಕ್ಟರು ಪರೀಕ್ಷೆ ಮಾಡಬೇಕಿತ್ತು. ಚಿಕ್ಕ ವಯಸ್ಸಿನವನು, ಹೊರಗೆ ಕಾಯುವವರ ಸಾಲು ಕಂಡು ಅವಸರದಲ್ಲಿದ್ದ. ಅವಳನ್ನು ಗೋಡೆಯ ಪಕ್ಕ ಕೂರಿಸಿ, ತಾನು ಕೋಣೆಯ ಆ ತುದಿಯಲ್ಲಿ ನಿಂತು, "ನಾನು ಮೆಲ್ಲಗೆ ಒಂದೊಂದೇ ಪದ ಹೇಳ್ತೀನಿ. ಕೇಳಿದ್ದನ್ನ ವಾಪಸ್ ಹೇಳಿ" ಎಂದ. ಇದರಲ್ಲಿ ತಪ್ಪಿದವರಿಗೆ ಮಾತ್ರ ಮುಂದಿನ, ಸದ್ದು ಕೇಳಿಸಿ ಕಿವಿ ಅಳೆಯುವ ಪರೀಕ್ಷೆ. ಬಾಯಿಗೆ ಅಡ್ಡ ಹಿಡಿಯಲೆಂದೇ ಒಂದು ರಟ್ಟು ಮೇಜಿನ ಮೇಲಿತ್ತು. ಅದನ್ನು ಎತ್ತಿಕೊಳ್ಳುವ ವ್ಯವಧಾನ ಅವನಿಗಿರಲಿಲ್ಲ.

"ಬಾಗಿಲು" ಎಂದ. "ಬಾಗಿಲು" ಎಂದಳು. "ಹಾವು." "ಹಾವು." "ಪೊರಕೆ." "ಪೊರಕೆ."

ಇದೇನು ಮಹಾ ಅನಿಸಿತು ಅವಳಿಗೆ. ಇದರ ನಾಲ್ಕರಷ್ಟು ದೂರದಿಂದ, ನೂಲಿನ ಧೂಳಿನ ನಡುವೆ, ಎಲೆಯಡಿಕೆ ತುಂಬಿದ ಬಾಯಿಗಳನ್ನೇ ಓದಿದವಳು ಅವಳು. ಡಾಕ್ಟರು ದನಿ ಇಳಿಸುತ್ತ ಹೋದ. ಅವಳು ಹುರುಪಿನಿಂದ ಹೇಳುತ್ತ ಹೋದಳು. "ಭೇಷ್! ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ ಕಣಮ್ಮ" ಎಂದ ಅವನು. ಹುಟ್ಟಿದಾರಭ್ಯ ಯಾರೂ ಅವಳಿಗೆ ಭೇಷ್ ಅಂದಿರಲಿಲ್ಲ. ತಾನು ಬಂದಿದ್ದೇ ಸೋಲುವುದಕ್ಕೆ ಎಂಬುದನ್ನು ಮರೆತು ಆ ಪೆದ್ದಿ ಹಿರಿಹಿರಿ ಹಿಗ್ಗಿದಳು. ಅವನು ಬೆನ್ನು ತಿರುಗಿಸಿ ಬರೆಯುತ್ತ "ಜೊತೆಗೆ ಯಾರು ಬಂದಿದಾರೆ?" ಎಂದು ಕೇಳಿದ. ಅವಳು ಉತ್ತರ ಕೊಡದೆ ಎದ್ದು ಹೋದಳು. ಈ ಮುದುಕಿಗೆ ಎಷ್ಟು ಜಂಬ ಎಂದುಕೊಂಡಿರಬೇಕು.

ಕಿವಿ ನೆಟ್ಟಗಿದೆ, ಯಂತ್ರ ಬೇಕಿಲ್ಲ ಎಂದು ಉತ್ತರ ಬಂದಾಗಲೇ ಅವಳಿಗೆ ಹೊಳೆದದ್ದು. ವಿಮೆ ಕಚೇರಿಗೆ ಓಡಿದಳು. "ಬಾಯಿ ನೋಡಿ ಹೇಳ್ಬಿಟ್ಟೆ ಸ್ವಾಮಿ, ಕಿವಿಯಿಂದಲ್ಲ. ಇನ್ನೊಂದ್ಸಲ ನೋಡಿ" ಎಂದು ಅಂಗಲಾಚಿದಳು. ಕಿಟಕಿಯೊಳಗಿನ ಗುಮಾಸ್ತ, "ಈಗ ನಾನು ಕೇಳಿದ್ದಕ್ಕೆಲ್ಲ ಟಕಟಕ ಉತ್ತರ ಕೊಡ್ತಿದೀರಲ್ಲಮ್ಮ. ಪುಕ್ಕಟೆ ಸಿಗುತ್ತೆ ಅಂತ ಎಲ್ಲಾರೂ ಕಿವುಡರಾದ್ರೆ ಹೇಗೆ?" ಎಂದು ನಕ್ಕ. ಪುಕ್ಕಟೆಯಂತೆ!

ಭಾನುವಾರ ಮಗಳ ಮನೆಯಲ್ಲಿ ಅದನ್ನೆಲ್ಲ ಹೇಳಿಕೊಂಡಳು. ಮಗಳು ಹುಬ್ಬು ಗಂಟಿಕ್ಕಿದಳು. "ನೀವು ಮಿಲ್ಲಿನವರು ಬಾಯಿ ಇಷ್ಟಗಲ ಮಾಡಿ ಮಾತಾಡ್ತಿದ್ರಿ, ಅದು ಗೊತ್ತಾಗ್ತಿತ್ತು. ಡಾಕ್ಟ್ರು ಹಾಗೆ ಮಾತಾಡ್ತಾರಾ? ಅದೂ ಕೋಣೆ ಆ ತುದಿಯಿಂದ? ಹೋಗ್ಲಿ ಬಿಡಮ್ಮ." ಆ 'ಬಿಡಮ್ಮ' ಯಾಕೋ ತಣ್ಣಗಿತ್ತು ಎಂಬುದು ಲಾಳಿಯಕ್ಕನಿಗೆ ಮುಖದಲ್ಲೇ ಕಂಡಿತು.

ಅವಳು ಪಾಪುವಿನ ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದು, ಹಿಂದೆ ಗಾಜಿನ ಬಾಗಿಲು ಎಳೆದುಕೊಂಡಳು. ಕೊನೆಯ ಲಂಗೋಟಿಗೆ ಕ್ಲಿಪ್ಪು ಹಾಕಿ ತಿರುಗಿದಾಗ, ಒಳಗೆ ಹಜಾರದ ಆ ಕೊನೆಯಲ್ಲಿ ಮಗಳು ಗಂಡನ ಜೊತೆ ಮಾತಾಡುತ್ತಿದ್ದಳು. ಬಾಯಿ ಸ್ವಲ್ಪವೂ ಅಗಲ ಮಾಡಿರಲಿಲ್ಲ. ಪಿಸುಮಾತು.

"ಕಿವಿ ಚೆನ್ನಾಗೇ ಇದೆಯಂತೆ. ಹಾಗಾದ್ರೆ ಅವತ್ತು ಪಾಪು ಅಳ್ತಿದ್ದಾಗ ಕೇಳಿಸ್ಕೊಂಡೂ ಎದ್ದು ಹೋಗ್ಲಿಲ್ಲ ಅಮ್ಮ."

ಸಾಕಿದ ಮಗಳ ಬಾಯಲ್ಲಿ ಈ ಮಾತೇ? ಲಾಳಿಯಕ್ಕ ಗಾಜಿನ ಮೇಲೆ ಬೆರಳಿಂದ ತಟ್ಟಿದಳು. ಮಗಳು ಇತ್ತ ನೋಡಿದಳು. ಲಾಳಿಯಕ್ಕ ದನಿ ತೆಗೆಯಲಿಲ್ಲ. ಬರೀ ತುಟಿಯಲ್ಲಿ, ಒಂದಕ್ಷರ ಬಿಡದೆ, ಮಗಳ ಮಾತನ್ನು ಮಗಳಿಗೇ ಒಪ್ಪಿಸಿದಳು. ಕಿವಿ ಚೆನ್ನಾಗೇ ಇದೆಯಂತೆ. ಹಾಗಾದ್ರೆ ಅವತ್ತು ಪಾಪು ಅಳ್ತಿದ್ದಾಗ ಕೇಳಿಸ್ಕೊಂಡೂ ಎದ್ದು ಹೋಗ್ಲಿಲ್ಲ ಅಮ್ಮ.

ಮಿಲ್ಲಿನ ಕಿಟಕಿಯಾಚೆ ನಿಂತು ಬೆಳೆದವಳಿಗೆ ಅಷ್ಟೂ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. ಓಡಿ ಬಂದು ಬಾಗಿಲು ಸರಿಸಿ ತಾಯಿಯ ಎರಡೂ ಕೈ ಹಿಡಿದುಕೊಂಡಳು.

"ಅಮ್ಮಾ, ತಪ್ಪಾಯ್ತಮ್ಮ. ನಿಂಗೆ ನಿಜವಾಗ್ಲೂ ಕೇಳ್ಸಲ್ಲ."

"ಅದನ್ನೇ ಕಣೇ ನಾನು ಆವಾಗಿಂದ ಬಡ್ಕೊಳ್ತಿರೋದು!"

ಮಗಳ ಕಣ್ಣಲ್ಲಿ ನೀರು ತುಂಬಿತು. ಅವಳು ಒಮ್ಮೆ ತೊಟ್ಟಿಲ ಕಡೆ ನೋಡಿ, ಮತ್ತೆ ತಾಯಿಯ ಕಡೆ ನೋಡಿದಳು.

"ಹಾಗಾದ್ರೆ ಪಾಪುನ ನಿನ್ನ ಹತ್ರ ಹೇಗಮ್ಮ ಬಿಡ್ಲಿ?"

ಲಾಳಿಯಕ್ಕ ಜೀವಮಾನದಲ್ಲಿ ಮೊದಲ ಸಲ ಮುಖ ತಿರುಗಿಸಿದಳು. ಎದುರಿಗೆ ತಂತಿಯ ಮೇಲೆ ಪುಟ್ಟ ಪುಟ್ಟ ಬಟ್ಟೆಗಳು ಒಣಗುತ್ತಿದ್ದವು. ಹಿಂದೆ ಮಗಳು ಕೈ ಬಿಡದೆ ಇನ್ನೂ ಏನೇನೋ ಹೇಳುತ್ತಲೇ ಇದ್ದಳು.