ಹದಿನೈದು ನಿಮಿಷ ಕೂತವಳು

ನಾನು ಬೆರಳುದ್ದದ ಒಂದು ಮಲೇರಿಯಾ ಪರೀಕ್ಷೆಯ ಕಾರ್ಡು. ಹುಟ್ಟಿದ್ದು ಕಾರ್ಖಾನೆಯ ತಂಪು ಕೋಣೆಯಲ್ಲಿ. ಮುಖಗವಸು ತೊಟ್ಟ ಹೆಂಗಸರು ನನ್ನ ಹೊಟ್ಟೆಯೊಳಗೆ ಬಿಳಿ ಪಟ್ಟಿಯಿಟ್ಟು, ಬೆಳ್ಳಿ ಬಣ್ಣದ ಲಕೋಟೆಯಲ್ಲಿ ಮುಚ್ಚಿದರು. ಲಾರಿ, ಉಗ್ರಾಣ, ಆರೋಗ್ಯ ಕೇಂದ್ರದ ಕಪಾಟು ದಾಟಿ ಆಶಾ ಕಾರ್ಯಕರ್ತೆ ಹರಿಣಾಕ್ಷಿಯ ಚೀಲ ಸೇರಿದೆ. ಕೊಡೆ, ಚಕ್ಕುಲಿ ಪೊಟ್ಟಣ, ನಾನು, ಒತ್ತಿಕೊಂಡೇ ಮಂಗಳೂರು ಸುತ್ತಿದೆವು.

ಒಂದು ಬೆಳಿಗ್ಗೆ, ಏಳುತ್ತಿದ್ದ ಕಟ್ಟಡದ ಹಿಂದಿನ ತಗಡಿನ ಶೆಡ್ಡಿಗೆ ಹೋದೆವು. ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬಂದಿದ್ದ ಹುಲಿಗೆವ್ವ ಆರು ತಿಂಗಳ ಬಸುರಿ. ದಿನ ಬಿಟ್ಟು ದಿನ ಚಳಿಜ್ವರ.

"ಬಸುರಿ ಮೈ ಅಂದ್ರ ಬಿಸಿ ಇರೂದ," ಎಂದಳು ಅತ್ತೆ ಫಕೀರವ್ವ. "ಇರೂ ರಕ್ತಾನೂ ನೀವು ತಗೊಂಡ್ರ ಹೆಂಗ್ರಿ?"

"ಒಂದು ಹನಿ ಮಾರಾಯ್ರೆ. ಸೊಳ್ಳೆ ಇದಕ್ಕಿಂತ ಜಾಸ್ತಿ ಕುಡೀತದೆ."

ಹರಿಣಾಕ್ಷಿ ನನ್ನ ಮೇಲೆ ಹೆಸರು, ಹೊತ್ತು ಬರೆದಳು. ಬೆರಳು ಚುಚ್ಚಿ, ಹನಿಯನ್ನು ನನಗೆ ಉಣಿಸಿ, ದ್ರಾವಣ ಬಿಟ್ಟಳು. "ಹದಿನೈದು ನಿಮಿಷ ಕಾಯಬೇಕು. ನೀನೂ ಕೂತ್ಕೊ."

ಹುಲಿಗೆವ್ವ ತಗಡಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು ಕಣ್ಣು ಮುಚ್ಚಿದಳು. ಹಗಲು ಹೊತ್ತು ಹಾಗೆ ಕೂತು ಎಷ್ಟು ದಿನವಾಗಿತ್ತೋ.

ಐದು ನಿಮಿಷಕ್ಕೇ ನನ್ನಲ್ಲೊಂದು ಗೆರೆ ಮೂಡಿತು. ನಾನು ಕೆಟ್ಟಿಲ್ಲ ಎಂದು ಹೇಳುವ ಗೆರೆ ಅದು. ರೋಗವಿದ್ದರೆ ಇನ್ನೊಂದು ಬರಬೇಕು.

"ನನಗೂ ಹೋದ ತಿಂಗಳು ಒಂದ ಗೆರಿ ಬಂದಿತ್ತು, ಏನೂ ಇಲ್ಲ ಅಂದ್ರು," ಎಂದಳು ಫಕೀರವ್ವ. "ಏಳು, ಮೇಸ್ತ್ರಿ ಕರಿಯಾಕತ್ತಾನ."

ಇನ್ನೂ ಹತ್ತು ಶೆಡ್ಡು ಬಾಕಿಯಿದ್ದ ಹರಿಣಾಕ್ಷಿ 'ಇಲ್ಲ' ಎಂದು ಬರೆಯಲು ಪೆನ್ನು ತೆಗೆದಳು.

"ಹದಿನೈದು ಅಂದಿದ್ರಲ್ರೀ ಅಕ್ಕಾರ," ಹುಲಿಗೆವ್ವ ಕಣ್ಣು ತೆರೆಯದೆ ಅಂದಳು. "ಇನ್ನೊಂಚೂರು ಕೂಡ್ತೀನಿ."

ರೋಗದ ಭಯದಿಂದ ಆಡಿದ ಮಾತಲ್ಲ, ಕೂರುವ ಆಸೆಯಿಂದ ಆಡಿದ್ದು. ಹರಿಣಾಕ್ಷಿ ನಾಚಿ ಪೆನ್ನು ಮುಚ್ಚಿದಳು.

ಹನ್ನೆರಡನೆಯ ನಿಮಿಷಕ್ಕೆ, ಕೂದಲೆಳೆಯಷ್ಟು ತೆಳ್ಳಗೆ ಎರಡನೆಯ ಗೆರೆ ಬಂತು.

"ಮಲೇರಿಯಾ ಉಂಟು. ಮಗುವಿಗೂ ಅಪಾಯ. ಈಗಲೇ ಡಾಕ್ಟರ ಹತ್ರ ಹೋಗುವ."

"ಹೋದ ಸಲ ಕೂಸು ಹೋಗೂ ಮುಂದನೂ ಹಿಂಗ ಚಳಿ ಬಂದಿತ್ತು," ಎಂದಳು ಹುಲಿಗೆವ್ವ, ಅತ್ತೆಯ ಕಡೆ ನೋಡದೆ.

ಕೂಸು ಹೋದಾಗ ಸೊಸೆಯ ಕಾಲ್ಗುಣವನ್ನು ಬೈದಿದ್ದ ಫಕೀರವ್ವ ಅವಳ ಪಕ್ಕದಲ್ಲಿದ್ದ ಮರಳು ಹೊರುವ ಬುಟ್ಟಿಯನ್ನು ಎತ್ತಿ ತನ್ನ ಸೊಂಟಕ್ಕಿಟ್ಟುಕೊಂಡಳು.

"ನೀ ಹೋಗವ್ವ. ಮೇಸ್ತ್ರಿಗೆ ನಾ ಹೇಳ್ತೀನಿ."

ಈಗ ನಾನು ಆರೋಗ್ಯ ಕೇಂದ್ರದ ಮೇಜಿನ ಖಾನೆಯಲ್ಲಿ, ಪ್ಲಾಸ್ಟಿಕ್ ಹೊದ್ದು ಮಲಗಿದ್ದೇನೆ. ತೆಳು ಗೆರೆ ಹೀಗಿರುತ್ತದೆಂದು ಹೊಸಬರಿಗೆ ತೋರಿಸುತ್ತಾರೆ. ಅರ್ಧ ಗಂಟೆ ದಾಟಿದರೆ ನನ್ನಂಥವರ ಮಾತನ್ನು ನಂಬಬಾರದೆಂಬ ನಿಯಮವಿದೆ. ನನಗೇನೂ ಬೇಸರವಿಲ್ಲ, ಕೇಳುವ ಹೊತ್ತಿಗೆ ಒಬ್ಬಳು ಕೂತು ಕೇಳಿದ್ದಳು.

ಮೊನ್ನೆ ಹರಿಣಾಕ್ಷಿ ನರ್ಸಮ್ಮನಿಗೆ ಹೇಳುತ್ತಿದ್ದಳು. ಹುಲಿಗೆವ್ವನಿಗೆ ಹೆಣ್ಣುಮಗುವಂತೆ, ಎರಡೂಮುಕ್ಕಾಲು ಕೇಜಿ. ಬಾಣಂತಿ ಏಳಹೋದರೆ ಫಕೀರವ್ವ ಬಿಡುವುದಿಲ್ಲವಂತೆ.

"ಇನ್ನಾ ಹದಿನೈದು ಆಗಿಲ್ಲ, ಕೂಡು" ಅನ್ನುತ್ತಾಳಂತೆ.